ಓಡುವ ಪೇಟೆ, ನಿಂತ ಕಂಬ: ಹುಬ್ಬಳ್ಳಿ-ಧಾರವಾಡದ ಬೀದಿಗಳಲ್ಲಿ ಚಲನೆಯ ಫೋಟೋ ತೆಗೆಯುವ ಬಗೆ

ಸತ್ತೂರಿನ ಬಳಿ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಭರ್ರನೆ ಹೋಗುತ್ತಿರುವಾಗ ಮೊಬೈಲ್ ಎತ್ತಿ ಒಂದು ಫೋಟೋ ತೆಗೆಯಿರಿ. ಮಧ್ಯಾಹ್ನದ ಬಿಸಿಲಾಗಿದ್ದರೆ ರಸ್ತೆ ನಡುವೆ ಯಾರೋ ನಿಲ್ಲಿಸಿಟ್ಟುಹೋದ ಬಸ್ಸಿನಂತೆ ಕಾಣುತ್ತದೆ. ಆಟೋ ಮೋಡ್ 1/2000 ಸೆಕೆಂಡಿನ ಆಸುಪಾಸಿನ ಶಟರ್ (ಬೆಳಕಿಗೆ ಕ್ಯಾಮೆರಾ ತೆರೆದಿರುವ ಹೊತ್ತು) ಆರಿಸಿಕೊಂಡು ಚಕ್ರದ ನಟ್ಟುಗಳನ್ನೂ ನಿಲ್ಲಿಸಿಬಿಟ್ಟಿರುತ್ತದೆ. ಅದೇ ಬಸ್ಸನ್ನು ಕತ್ತಲಾದ ಮೇಲೆ ತೆಗೆದರೆ ಬಸ್ಸೂ ಮಸುಕು, ಹಿಂದಿನ ಕಂಬವೂ ಮಸುಕು. ಎರಡರಲ್ಲೂ ವೇಗ ಕಾಣುವುದಿಲ್ಲ. ಒಂದರಲ್ಲಿ ಎಲ್ಲವೂ ನಿಂತಿದೆ, ಇನ್ನೊಂದರಲ್ಲಿ ಎಲ್ಲವೂ ಅಲುಗಿದೆ.

ಚಲನೆ ಕಾಣಬೇಕಾದರೆ ಚೌಕಟ್ಟಿನೊಳಗೆ ಯಾವುದಾದರೂ ಒಂದು ಗಟ್ಟಿಯಾಗಿ ನಿಂತಿರಬೇಕು. ಅದು ಕಂಬವಾಗಬಹುದು, ಹೂ ಮಾರುವವರ ಮುಖವಾಗಬಹುದು, ಪ್ಯಾನಿಂಗ್ ಮಾಡಿದಾಗ, ಅಂದರೆ ಬಸ್ಸಿನ ಜೊತೆಗೇ ಕ್ಯಾಮೆರಾ ತಿರುಗಿಸಿದಾಗ, ಓಡುವ ಬಸ್ಸೇ ಆಗಬಹುದು. ಆದ್ದರಿಂದ ಕೆಲಸದ ಕ್ರಮ ಹೀಗಿರಲಿ: ಚಿತ್ರದಲ್ಲಿ ಯಾವುದು ನಿಲ್ಲಬೇಕು ಎಂದು ಮೊದಲು ಗೊತ್ತುಮಾಡಿ, ಆಮೇಲೆ ಯಾವುದು ಓಡಬೇಕು ಎಂದು ನೋಡಿ, ಶಟರ್ ವೇಗವನ್ನು ಕೊನೆಗೆ ಮುಟ್ಟಿ. ಹೆಚ್ಚಿನವರು ಶಟರಿನಿಂದಲೇ ಶುರು ಮಾಡುತ್ತಾರೆ. ಹಾಗೆ ಮಾಡಿದಾಗ ಸೆಟ್ಟಿಂಗ್ ಸರಿಯಿದ್ದೂ ಫೋಟೋ ಸಪ್ಪೆಯಾಗುತ್ತದೆ.

ಶಟರ್ ಲೆಕ್ಕ

ಯಾವ ವೇಗಕ್ಕೆ ಯಾವ ಶಟರ್ ಎಂಬ ಪಟ್ಟಿಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದು ಗುಣಾಕಾರ ಕಲಿತರೆ ಸಾಕು. ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದನ್ನು 28ರಿಂದ ಗುಣಿಸಿ. ಸೆಕೆಂಡಿಗೆ ಎಷ್ಟು ಸೆಂಟಿಮೀಟರ್ ಎಂದು ಸಿಗುತ್ತದೆ. ಅದನ್ನು ಶಟರ್ ಸಂಖ್ಯೆಯಿಂದ (1/30 ಆದರೆ 30ರಿಂದ) ಭಾಗಿಸಿದರೆ ಶಟರ್ ತೆರೆದಿದ್ದಷ್ಟು ಹೊತ್ತಿನಲ್ಲಿ ಆ ವಸ್ತು ಎಷ್ಟು ದೂರ ಸರಿಯಿತು ಎಂಬುದು ತಿಳಿಯುತ್ತದೆ. 40 ಕಿ.ಮೀ. ವೇಗದ ಬಸ್ಸು ಸೆಕೆಂಡಿಗೆ 1120 ಸೆಂ.ಮೀ. ಹೋಗುತ್ತದೆ, 1/30ರಲ್ಲಿ 37 ಸೆಂ.ಮೀ., 1/1000ದಲ್ಲಿ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. 5 ಕಿ.ಮೀ. ವೇಗದಲ್ಲಿ ನಡೆಯುವವರು ಸೆಕೆಂಡಿಗೆ 140 ಸೆಂ.ಮೀ.; 1/4ರಲ್ಲಿ 35 ಸೆಂ.ಮೀ., 1/500ರಲ್ಲಿ 3 ಮಿಲಿಮೀಟರಿಗೂ ಕಡಿಮೆ.

ಈ ಸೆಂಟಿಮೀಟರುಗಳನ್ನು ಚೌಕಟ್ಟಿನ ಅಗಲದ ಜೊತೆ ಹೋಲಿಸಬೇಕು. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸು, ಅಥವಾ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ 23 ಎಂಎಂ, 5 ಮೀಟರ್ ದೂರದಲ್ಲಿ ಸುಮಾರು 5 ಮೀಟರ್ ಅಗಲವನ್ನು ಹಿಡಿಯುತ್ತದೆ. ಆ 5 ಮೀಟರಿನಲ್ಲಿ 2-3 ಮಿಲಿಮೀಟರ್ ಸರಿದರೆ ಕಣ್ಣಿಗೆ ಚೂಪಾಗಿಯೇ ಕಾಣುತ್ತದೆ. 10 ಸೆಂ.ಮೀ. ದಾಟಿದರೆ ಬೇಕೆಂದೇ ತಂದ ಚಲನೆ ಎಂದು ನೋಡುವವರಿಗೆ ಗೊತ್ತಾಗುತ್ತದೆ. ನಡುವಿನದೇ ಅಪಾಯದ ಜಾಗ: 1ರಿಂದ 3 ಸೆಂ.ಮೀ. ಸರಿದಿದ್ದು ಕೈ ನಡುಗಿದ ಫೋಟೋದಂತೆ ಕಾಣುತ್ತದೆ. ನಡೆಯುವ ಮನುಷ್ಯರಿಗೆ 1/60 ಮತ್ತು 1/125 ಬಿಡಿ ಎನ್ನುವುದು ಇದೇ ಕಾರಣಕ್ಕೆ. ಅವು ಎತ್ತಲೂ ಸಲ್ಲುವುದಿಲ್ಲ. ನಿಲ್ಲಿಸುವುದಾದರೆ 1/500, ಹರಿಯಲು ಬಿಡುವುದಾದರೆ 1/15 ಅಥವಾ ಇನ್ನೂ ನಿಧಾನ.

ಈ ಲೆಕ್ಕ ಅಡ್ಡ ಹಾಯುವವರಿಗೆ. 45 ಡಿಗ್ರಿಯಲ್ಲಿ ಓರೆಯಾಗಿ ಬರುವವರ ಸರಿತ ಅದರ 70 ಶೇಕಡಾದಷ್ಟು. ನೇರವಾಗಿ ನಿಮ್ಮ ಕಡೆಗೇ ಬರುವ ರಿಕ್ಷಾ 1/125ರಲ್ಲೂ ಸಾಕಷ್ಟು ಚೂಪಾಗಿ ನಿಲ್ಲುತ್ತದೆ.

ಕಾಲುಗಳದ್ದು ಬೇರೆಯೇ ಲೆಕ್ಕ. ನಡೆಯುವಾಗ ಒಂದು ಪಾದ ನೆಲದ ಮೇಲೆ ಪೂರ್ತಿ ನಿಂತಿರುತ್ತದೆ, ಇನ್ನೊಂದು ದೇಹಕ್ಕಿಂತ ಎರಡು ಮೂರು ಪಟ್ಟು ವೇಗದಲ್ಲಿ ಗಾಳಿಯಲ್ಲಿ ಸಾಗುತ್ತಿರುತ್ತದೆ. 1/15ರಲ್ಲಿ ಕೆಳಮಟ್ಟದಿಂದ ತೆಗೆದ ಫೋಟೋದಲ್ಲಿ ನೆಲಕ್ಕಂಟಿದ ಚಪ್ಪಲಿಯ ಬಾರು, ಹಿಮ್ಮಡಿಯ ಬಿರುಕು ಸ್ಪಷ್ಟವಾಗಿ ಬಂದು, ಎತ್ತಿದ ಕಾಲು ಮಾತ್ರ ಗಾಳಿಯಲ್ಲಿ ಎಳೆದ ಪಟ್ಟಿಯಾಗಿರುತ್ತದೆ. ನಿಂತದ್ದು, ಓಡಿದ್ದು ಎರಡೂ ಒಬ್ಬರ ದೇಹದಲ್ಲೇ ಸಿಗುವುದು ಇಲ್ಲಿ. ಧಾರವಾಡದ ಸುಭಾಷ್ ರಸ್ತೆಯಲ್ಲಿ ಸಂಜೆ ಅರ್ಧ ಗಂಟೆ ಬರೀ ಕಾಲುಗಳ ಮೇಲೆ ಅಭ್ಯಾಸ ಮಾಡಿದರೆ ಶಟರಿನ ಅಂದಾಜು ಕೈಗೆ ಕೂಡುತ್ತದೆ.

ಕ್ಯಾಮೆರಾವನ್ನು ಶಟರ್ ಪ್ರಯಾರಿಟಿಗೆ (ಶಟರ್ ನೀವು ಆರಿಸಿ, ಉಳಿದದ್ದನ್ನು ಕ್ಯಾಮೆರಾಗೆ ಬಿಡುವ ಮೋಡ್) ಹಾಕಿಕೊಳ್ಳಿ. ಡಯಲ್ ಮೇಲೆ ಕೆಲವು ಕಂಪನಿಗಳು ಎಸ್ (S) ಎಂದೂ ಕ್ಯಾನನ್ ಟಿವಿ (Tv) ಎಂದೂ ಬರೆದಿರುತ್ತವೆ. ಹಗಲಲ್ಲಿ ಐಎಸ್ಒ (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಎಂಬ ಅಂಕಿ) 100ಕ್ಕೆ ಕಟ್ಟಿಹಾಕಿ, ಸಂಜೆಗೆ ಆಟೋ ಬಿಡಿ. ಶಟರ್ ಮೆಕ್ಯಾನಿಕಲ್ ಇರಲಿ. ಎಲೆಕ್ಟ್ರಾನಿಕ್ ಶಟರ್ ಸದ್ದು ಮಾಡುವುದಿಲ್ಲವೆಂದು ಬೀದಿ ಫೋಟೋಗೆ ಅದನ್ನೇ ಇಟ್ಟುಕೊಳ್ಳುವವರಿದ್ದಾರೆ. ಆದರೆ ಅದು ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಅಡ್ಡ ಓಡುವ ಬಸ್ಸು ಓರೆಯಾಗಿ ವಾಲಿದಂತೆ ಬರುತ್ತದೆ, ಅಂಗಡಿಯ ಎಲ್ಇಡಿ ಬೆಳಕಿನಲ್ಲಿ ಕಪ್ಪು ಪಟ್ಟೆಗಳೂ ಬೀಳುತ್ತವೆ.

ಪ್ಯಾನಿಂಗ್: ಬಿಆರ್‌ಟಿಎಸ್ ರಸ್ತೆಯೇ ಶಾಲೆ

ಓಡುವ ವಸ್ತುವಿನ ಜೊತೆ ಕ್ಯಾಮೆರಾವನ್ನೂ ತಿರುಗಿಸುತ್ತ ಕ್ಲಿಕ್ ಮಾಡುವುದೇ ಪ್ಯಾನಿಂಗ್. ಓಡುವುದು ಚಿತ್ರದಲ್ಲಿ ನಿಲ್ಲುತ್ತದೆ, ನಿಂತ ಊರು ಹಿಂದಕ್ಕೆ ಹರಿಯುತ್ತದೆ. ಕಲಿಯಲು ಬೇಕಾದದ್ದು ಒಂದೇ ಗತಿಯಲ್ಲಿ, ಒಂದೇ ಗೆರೆಯಲ್ಲಿ, ಮೇಲಿಂದ ಮೇಲೆ ಬರುವ ವಾಹನ. ಹುಬ್ಬಳ್ಳಿ-ಧಾರವಾಡ ನಡುವಿನ ಸುಮಾರು 22 ಕಿಲೋಮೀಟರಿನ ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ಪಥ ಇದಕ್ಕೆ ಹೇಳಿ ಮಾಡಿಸಿದ್ದು. ಚಿಗರಿ ಬಸ್ಸುಗಳಿಗೆ ನಡುವೆ ಪ್ರತ್ಯೇಕ ಲೇನ್ ಇರುವುದರಿಂದ ಅಡ್ಡ ಬರುವ ಬೈಕು, ದನಗಳ ಕಾಟ ಕಡಿಮೆ, ವೇಗ ಸಮನಾಗಿರುತ್ತದೆ. ಒಂದು ತಪ್ಪಿದರೆ ಸ್ವಲ್ಪ ಹೊತ್ತಿಗೇ ಇನ್ನೊಂದು ಬರುತ್ತದೆ.

ನಿಲ್ಲುವ ಬದಿಯನ್ನು ಬೆಳಕು ನೋಡಿ ಆರಿಸಿ. ಹುಬ್ಬಳ್ಳಿಯಿಂದ ಧಾರವಾಡ ವಾಯವ್ಯಕ್ಕಿದೆ, ರಸ್ತೆಯೂ ಒಟ್ಟಾರೆ ಅದೇ ದಿಕ್ಕು. ಬೆಳಿಗ್ಗೆ ಈಶಾನ್ಯದ ಬದಿಯ ಫುಟ್‌ಪಾತಿನಲ್ಲಿ ನಿಂತರೆ ಸೂರ್ಯ ಬೆನ್ನ ಕಡೆ ಇದ್ದು ಬಸ್ಸಿನ ಮೈ ಬೆಳಗುತ್ತದೆ; ನಿಮ್ಮ ಹತ್ತಿರದ ಲೇನಿನಲ್ಲಿ ಹುಬ್ಬಳ್ಳಿ ಕಡೆ ಹೋಗುವ ಬಸ್ಸುಗಳು ಸಿಗುತ್ತವೆ. ಸಂಜೆ ನೈಋತ್ಯದ ಬದಿ, ಧಾರವಾಡಕ್ಕೆ ಹೋಗುವ ಬಸ್ಸು. ನಮ್ಮಲ್ಲಿ ವಾಹನ ಎಡಕ್ಕೆ ಚಲಿಸುವುದರಿಂದ ಎರಡೂ ಬದಿಯಲ್ಲಿ ಹತ್ತಿರದ ವಾಹನ ನಿಮ್ಮ ಬಲದಿಂದ ಎಡಕ್ಕೇ ಹಾಯುತ್ತದೆ. ಚೌಕಟ್ಟಿನಲ್ಲಿ ಎಡಗಡೆ ಜಾಗ ಬಿಡುವ ರೂಢಿ ಮಾಡಿಕೊಳ್ಳಿ, ಬಸ್ಸಿಗೆ ಮುಂದೆ ಹೋಗಲು ದಾರಿ ಇದ್ದಂತಾಗುತ್ತದೆ.

ಹಿನ್ನೆಲೆ ನೋಡದೆ ಜಾಗ ಹಿಡಿಯಬೇಡಿ. ಬಸ್ಸಿನ ಹಿಂದೆ ಬರೀ ಆಕಾಶವೋ ಸುಣ್ಣದ ಗೋಡೆಯೋ ಇದ್ದರೆ ಎಷ್ಟು ಚೆನ್ನಾಗಿ ತಿರುಗಿಸಿದರೂ ವೇಗ ಕಾಣುವುದಿಲ್ಲ, ಗೆರೆಯಾಗಿ ಎಳೆಯಲು ಅಲ್ಲಿ ಏನೂ ಇಲ್ಲವಲ್ಲ. ಮರಗಳ ಸಂದಿನ ಬೆಳಕು, ಅಂಗಡಿ ಬೋರ್ಡುಗಳ ಸಾಲು, ನಿಂತ ಬೈಕುಗಳು, ಇವು ಚೆನ್ನಾಗಿ ಗೆರೆಯಾಗುತ್ತವೆ. ಲೇನಿನ ಪಕ್ಕದ ಕಬ್ಬಿಣದ ಕಟಕಟೆ ಅಡ್ಡ ಬರುತ್ತದೆಂದು ಹೆದರಬೇಕಿಲ್ಲ; 1/30ರಲ್ಲಿ ಸರಳುಗಳು ಕರಗಿ ತೆಳುವಾದ ಮಬ್ಬಾಗುತ್ತವೆ.

ಇನ್ನು ಮೈಯ ಕೆಲಸ. ಪಾದಗಳನ್ನು ಭುಜದಷ್ಟು ಅಗಲಿಸಿ, ಬಸ್ಸು ಬರುವ ಕಡೆಗಲ್ಲ, ಕ್ಲಿಕ್ ಮಾಡಬೇಕೆಂದಿರುವ ಜಾಗದ ಕಡೆಗೆ ಮುಖ ಮಾಡಿ ನಿಲ್ಲಿ. ಪಾದ ಕದಲಿಸದೆ ಸೊಂಟದಿಂದ ಬಲಕ್ಕೆ ತಿರುಗಿ ಬಸ್ಸನ್ನು 20-30 ಮೀಟರ್ ಮೊದಲೇ ಚೌಕಟ್ಟಿಗೆ ತಂದುಕೊಳ್ಳಿ. ಫೋಕಸ್ ಕಂಟಿನ್ಯೂಯಸ್‌ನಲ್ಲಿರಲಿ, ಫೋಕಸ್ ಬಿಂದು ಬಸ್ಸಿನ ಒಂದೇ ಜಾಗದ ಮೇಲೆ ಅಂಟಿಕೊಂಡಿರಲಿ, ಎಲ್ಲಕ್ಕಿಂತ ಮುಂದಿನ ಕಿಟಕಿ ಒಳ್ಳೆಯ ಗುರುತು. ಮೊಣಕೈ ಪಕ್ಕೆಗೆ ಒತ್ತಿರಲಿ. ಬಸ್ಸು ಎದುರಿಗೆ ಬರುವ ತುಸು ಮೊದಲು ಬಟನ್ ಒತ್ತಿ ಮೂರು ನಾಲ್ಕು ಫ್ರೇಮ್ ಹೋಗಲು ಬಿಡಿ. ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ; ಬಸ್ಸು ದಾಟಿ ಹೋಗುವವರೆಗೂ ಸೊಂಟ ತಿರುಗುತ್ತಲೇ ಇರಲಿ. ಕ್ಲಿಕ್ ಆದ ಕೂಡಲೇ ಕೈ ನಿಲ್ಲಿಸುವುದೇ ಕಲಿಯುವವರೆಲ್ಲ ಮಾಡುವ ಮೊದಲ ತಪ್ಪು.

1/60ರಿಂದ ಆರಂಭಿಸಿ. ಹತ್ತಕ್ಕೆ ಐದು ಸರಿ ಬರತೊಡಗಿದ ಮೇಲೆ 1/30ಕ್ಕೆ ಇಳಿಯಿರಿ. 1/30ರಲ್ಲಿ ಹತ್ತರಲ್ಲಿ ಒಂದು ಚೂಪಾಗಿ ಬಂದರೂ ಅದು ಒಳ್ಳೆಯ ಸರಾಸರಿ. ಸೈಕಲ್ಲಿಗೆ 1/15 ಬೇಕಾಗುತ್ತದೆ, 15 ಕಿ.ಮೀ. ವೇಗದ ಸೈಕಲ್ಲು 1/60ರಲ್ಲಿ ಬರೀ 7 ಸೆಂ.ಮೀ. ಸರಿಯುವುದರಿಂದ ಹಿನ್ನೆಲೆ ಅರೆಬರೆ ಅಲುಗಿ ಉಳಿದುಬಿಡುತ್ತದೆ. ಧಾರವಾಡದ ಕೆಸಿಡಿ (ಕರ್ನಾಟಕ ಕಾಲೇಜು) ಮತ್ತು ಸಪ್ತಾಪುರದ ಕಡೆ ಕ್ಲಾಸು ಬಿಡುವ ಹೊತ್ತಿನಲ್ಲಿ ಸೈಕಲ್ಲು, ಸ್ಕೂಟರು ಎರಡೂ ಧಾರಾಳ.

ಬಸ್ಸಿನ ಬಗ್ಗೆ ಒಂದು ಮಾತು. ಉದ್ದನೆಯ ವಾಹನ ಈ ತುದಿಯಿಂದ ಆ ತುದಿಯವರೆಗೆ ಚೂಪಾಗಿ ಬರುವುದಿಲ್ಲ. ನಿಮ್ಮ ಎದುರಿಗಿರುವ ಭಾಗ ಮತ್ತು ದೂರದ ತುದಿ ನಿಮ್ಮ ಕಣ್ಣಿಗೆ ಬೇರೆ ಬೇರೆ ಕೋನವೇಗದಲ್ಲಿ ಸರಿಯುತ್ತವೆ, ಕ್ಯಾಮೆರಾ ಒಂದನ್ನೇ ಹಿಂಬಾಲಿಸಬಲ್ಲದು. ಮುಂದಿನ ಕಿಟಕಿ ಚೂಪಾಗಿ ಬಂದು ಹಿಂದಿನ ಕಿಟಕಿಗಳು ಮೆತ್ತಗಾದರೆ ಅದು ತಪ್ಪಲ್ಲ. ಹತ್ತಿರ ನಿಂತು ವೈಡ್ ಲೆನ್ಸಿನಲ್ಲಿ ತೆಗೆದಷ್ಟೂ ಈ ವ್ಯತ್ಯಾಸ ಹೆಚ್ಚು. ದೂರ ಸರಿದು 50ರಿಂದ 85 ಎಂಎಂ ಬಳಸಿದರೆ ಕಡಿಮೆ. ಪೂರ್ತಿ ಚೂಪಾದ ವಾಹನ ಬೇಕೆಂದರೆ ಆಟೋ ರಿಕ್ಷಾ ಹಿಡಿಯಿರಿ.

ಫೋಟೋ ಕೆಟ್ಟಿದ್ದೇಕೆ ಎಂದು ಫೋಟೋವೇ ಹೇಳುತ್ತದೆ. ದೊಡ್ಡದು ಮಾಡಿ ಹೆಡ್‌ಲೈಟಿನಂಥ ಒಂದು ಬೆಳಕಿನ ಚುಕ್ಕೆ ನೋಡಿ. ಚುಕ್ಕೆ ಮೇಲೆ-ಕೆಳಗೆ ಎಳೆದಿದ್ದರೆ ಬಟನ್ ಅನ್ನು ಕುಕ್ಕಿದ್ದೀರಿ, ಮೆಲ್ಲಗೆ ಒತ್ತಬೇಕಿತ್ತು. ಅಡ್ಡಕ್ಕೆ ಎಳೆದಿದ್ದರೆ ತಿರುಗಿದ ವೇಗ ಬಸ್ಸಿಗೆ ಹೊಂದಿಲ್ಲ. ಡೊಂಕಾದ ಅಲೆಯಂತಿದ್ದರೆ ಲೆನ್ಸಿನ ಸ್ಟೆಬಿಲೈಜರ್ (ಕೈನಡುಕ ತಡೆಯುವ ಸಾಧನ) ನಿಮ್ಮ ಜೊತೆ ಜಗ್ಗಾಡಿದೆ. ಪ್ಯಾನಿಂಗಿಗೆಂದು ಇರುವ ಎರಡನೆಯ ಮೋಡಿಗೆ ಹಾಕಿ, ಇಲ್ಲದಿದ್ದರೆ ಆಫ್ ಮಾಡಿ. ಬಸ್ಸೂ ಹಿನ್ನೆಲೆಯೂ ಎರಡೂ ಚೂಪಾಗಿದ್ದರೆ ಶಟರ್ ಇನ್ನೂ ವೇಗವಾಗಿದೆ.

ಬಿಸಿಲಿನ ತೊಡಕು

ಮಟಮಟ ಮಧ್ಯಾಹ್ನ ಐಎಸ್ಒ 100, ಎಫ್ 16ಕ್ಕೆ (ಎಫ್ ಎಂದರೆ ಅಪರ್ಚರ್, ಲೆನ್ಸಿನ ಕಿಂಡಿ; ಅಂಕಿ ಹೆಚ್ಚಿದಷ್ಟೂ ಕಿರಿದು) ಸರಿಯಾದ ಶಟರ್ ಸುಮಾರು 1/100. ಅಂದರೆ 1/30ಕ್ಕೆ ಇಳಿದರೆ ಫೋಟೋ ಬೆಳ್ಳಗೆ ಸುಟ್ಟುಹೋಗುತ್ತದೆ. ಎಫ್ 22ಕ್ಕೆ ಮುಚ್ಚಿದರೆ ಚಿತ್ರ ಮೊಂಡಾಗುತ್ತದೆ, ಜೊತೆಗೆ ಸೆನ್ಸರಿನ ಮೇಲೆ ಕುಳಿತ ಒಂದೊಂದು ಧೂಳಿನ ಕಣವೂ ಆಕಾಶದಲ್ಲಿ ಬೂದು ಚುಕ್ಕೆಯಾಗಿ ಎದ್ದು ಕಾಣುತ್ತದೆ. ನಮ್ಮ ರಸ್ತೆಗಳ ಧೂಳು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದಕ್ಕೆ ಎನ್‌ಡಿ 8 ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಇಟ್ಟುಕೊಳ್ಳಿ. ಅದು ಮೂರು ಸ್ಟಾಪ್ ಬೆಳಕು ತಡೆಯುತ್ತದೆ, ಅಂದರೆ ಮೂರು ಸಲ ಅರ್ಧಕ್ಕಿಳಿಸುತ್ತದೆ. ಎಫ್ 11ಕ್ಕೆ 1/200 ಇದ್ದದ್ದು 1/25 ಆಗುತ್ತದೆ. ಎನ್‌ಡಿ 64 ಹಾಕಿದರೆ ಹಾಡಹಗಲಲ್ಲೇ 1/3 ಸೆಕೆಂಡ್ ಸಿಗುತ್ತದೆ.

ಫಿಲ್ಟರ್ ಇಲ್ಲದವರು ಗಡಿಯಾರ ನೋಡಿ ಹೊರಡಲಿ. ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆಯಲ್ಲಿ ಎಫ್ 16, 1/25 ತಾನಾಗಿ ಕೂಡಿಬರುತ್ತದೆ. ಮುಂಗಾರಿನಲ್ಲಿ ಧಾರವಾಡದ ಮೋಡ ಕವಿದ ದಿನಗಳಲ್ಲಂತೂ ಇಡೀ ದಿನ ಅದೇ ಬೆಳಕು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಮತ್ತು ಮತ್ತೊಮ್ಮೆ ಆಗಸ್ಟ್ ನಡುವಿಗೆ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಇರುತ್ತಾನೆ, ನೆರಳು ಕಾಲಡಿಗೆ ಸೇರುತ್ತದೆ. ಆಗ ಮುಖಗಳೆಲ್ಲ ಕಪ್ಪು. ಉದ್ದ ನೆರಳು ಬೇಕಾದವರಿಗೆ ಡಿಸೆಂಬರ್ ಸಂಜೆ ಐದು ಗಂಟೆಯೇ ಸರಿ. ಸೂರ್ಯ ಮುಳುಗುವುದು ಆರರ ಸುಮಾರಿಗೆ.

ದುರ್ಗದ ಬೈಲಿನ ಜನ

ಈಗ ಕ್ಯಾಮೆರಾ ನಿಲ್ಲಬೇಕು, ಜನ ಹರಿಯಬೇಕು. 1838ರಲ್ಲಿ ಫೋಟೋಗ್ರಫಿಯ ಆದಿಪುರುಷರಲ್ಲೊಬ್ಬನಾದ ಡಾಗೇರ್ ಪ್ಯಾರಿಸಿನ ಒಂದು ಬೀದಿಯ ಫೋಟೋ ತೆಗೆದಾಗ ಪ್ಲೇಟಿಗೆ ಬೆಳಕು ಸಾಕಾಗಲು ಹಲವು ನಿಮಿಷ ಬೇಕಾಗಿದ್ದವು. ಓಡಾಡುತ್ತಿದ್ದ ಗಾಡಿ, ಜನ ಎಲ್ಲ ಮಾಯವಾಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದ ಒಬ್ಬನು ಮಾತ್ರ ಉಳಿದ. ಹುಬ್ಬಳ್ಳಿ ಪೇಟೆಯ ದುರ್ಗದ ಬೈಲಿನಲ್ಲಿ ಸಂಜೆ ನೀವು ಹುಡುಕಬೇಕಾದದ್ದು ಹಾಗೆ ನಿಂತವರನ್ನು.

ಸಂತೆಯ ಗದ್ದಲದಲ್ಲಿ ಜನ ಯಾವಾಗ ಅಲುಗದೆ ನಿಲ್ಲುತ್ತಾರೆ? ರೊಕ್ಕ ಎಣಿಸುವಾಗ, ಮೊಬೈಲಿನಲ್ಲಿ ಪಾವತಿಯ ಸದ್ದು ಬರಲೆಂದು ಕಾಯುವಾಗ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ತೂಗುವಾಗ. ತಕ್ಕಡಿಯ ಮುಳ್ಳು ನಡುವೆ ಬಂದು ನಿಲ್ಲುವ ತನಕ, ಅಥವಾ ಡಿಜಿಟಲ್ ತೂಕದ ಅಂಕಿ ನಿಲ್ಲುವ ತನಕ, ಕೊಡುವವರು ತೆಗೆದುಕೊಳ್ಳುವವರು ಇಬ್ಬರೂ ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಿರುತ್ತಾರೆ. ಒಂದು ಸೆಕೆಂಡಿನಷ್ಟಾದರೂ ಸಿಗುವ ಆ ಹೊತ್ತಿನಲ್ಲಿ 1/2 ಸೆಕೆಂಡಿನ ಶಟರ್ ಬಿಟ್ಟರೆ ಅವರಿಬ್ಬರೂ ಚೂಪಾಗಿ, ಬೆನ್ನ ಹಿಂದಿನ ಜನವೆಲ್ಲ ಬಣ್ಣದ ಹೊಳೆಯಾಗಿ ಬರುತ್ತಾರೆ.

1/2 ಸೆಕೆಂಡೇ ಏಕೆ? ನೂಕುನುಗ್ಗಲಲ್ಲಿ ಜನ 3 ಕಿ.ಮೀ. ವೇಗಕ್ಕಿಂತ ಹೆಚ್ಚು ನಡೆಯಲಾರರು, ಸೆಕೆಂಡಿಗೆ 84 ಸೆಂ.ಮೀ. 1/2ರಲ್ಲಿ 42 ಸೆಂ.ಮೀ. ಸರಿಯುತ್ತಾರೆ. ಸೀರೆಯ ಬಣ್ಣ, ಕೈಯಲ್ಲಿನ ಚೀಲ ಗುರುತು ಸಿಗುವಷ್ಟು ಉಳಿಯುತ್ತದೆ. 2 ಸೆಕೆಂಡಿಗೆ ಹೋದರೆ ಮನುಷ್ಯರ ಆಕಾರವೇ ಕರಗುತ್ತದೆ, 8 ಸೆಕೆಂಡಿಗೆ ಬೈಲು ಬಿಕೋ ಎನ್ನುತ್ತದೆ. ನಮ್ಮ ಅಭಿಪ್ರಾಯದಲ್ಲಿ 1/4ರಿಂದ 1 ಸೆಕೆಂಡಿನ ನಡುವೆಯೇ ಪೇಟೆಯ ಜೀವ ಇರುವುದು. ಅದಕ್ಕಿಂತ ಉದ್ದದ್ದು ನೋಡಲು ಚೆಂದ, ಆದರೆ ಅದು ಹುಬ್ಬಳ್ಳಿಯೋ ಬೇರೆ ಊರೋ ಹೇಳಲಾಗದು.

ಅಂಗಡಿ ದೀಪಗಳು ಹತ್ತಿ ಆಕಾಶದಲ್ಲಿ ಇನ್ನೂ ತುಸು ನೀಲಿ ಇರುವ ಹೊತ್ತಿನಲ್ಲಿ ಎಫ್ 8, ಐಎಸ್ಒ 100, 1/2 ಸೆಕೆಂಡ್ ಬಹುತೇಕ ಸರಿಹೋಗುತ್ತದೆ. ಅಲ್ಲಿಂದ ಹಿಂದುಮುಂದು ಮಾಡಿಕೊಳ್ಳಿ. ಟ್ರೈಪಾಡ್ ಮಾತ್ರ ಬೈಲಿಗೆ ಒಯ್ಯಬೇಡಿ. ಮೂರು ಕಾಲು ಚಾಚಿದರೆ ದಾರಿ ಕಟ್ಟುತ್ತದೆ, ಯಾರಾದರೂ ಎಡವುತ್ತಾರೆ. ಕ್ಯಾಮೆರಾವನ್ನು ವಿದ್ಯುತ್ ಕಂಬಕ್ಕಲ್ಲ, ಗೋಡೆಗೋ ಮುಚ್ಚಿದ ಅಂಗಡಿಯ ಚೌಕಟ್ಟಿಗೋ ಒತ್ತಿ ಹಿಡಿಯಿರಿ, ಅಥವಾ ನಿಲ್ಲಿಸಿದ ನಿಮ್ಮದೇ ಬೈಕಿನ ಸೀಟಿನ ಮೇಲೆ ಚೀಲ ಇಟ್ಟು ಅದರ ಮೇಲೆ ಕೂರಿಸಿ. ಬೈಕಿನ ಎಂಜಿನ್ ಆಫ್ ಆಗಿರಬೇಕು. ಉಸಿರು ಅರ್ಧ ಬಿಟ್ಟು ಮೂರು ಫ್ರೇಮ್ ಒಟ್ಟಿಗೆ ತೆಗೆಯಿರಿ. ಮೊದಲನೆಯದರಲ್ಲಿ ಒತ್ತಿದ ಬೆರಳು, ಕೊನೆಯದರಲ್ಲಿ ಎತ್ತಿದ ಬೆರಳು ಅಲುಗಿಸಿರುತ್ತದೆ, ನಡುವಿನದೇ ಸಾಮಾನ್ಯವಾಗಿ ಚೂಪು.

ಎಲ್ಇಡಿ ಬೆಳಕಿನ ವಿಷಯ ಇಲ್ಲಿ ಮುಖ್ಯ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು, ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/250, 1/500ರಲ್ಲಿ ಒಂದೊಂದು ಫ್ರೇಮಿನ ಬೆಳಕು ಒಂದೊಂದು ಥರ ಬರುವುದು, ಪಟ್ಟೆ ಬೀಳುವುದು ಇದರಿಂದಲೇ. 1/100, 1/50, 1/25 ಈ ಮೂರರಲ್ಲಿ ತೊಂದರೆ ಇರುವುದಿಲ್ಲ. ಬಸ್ಸಿನ ಹಣೆಯ ಮೇಲಿನ ಊರ ಹೆಸರಿನ ಬೋರ್ಡಿಗೂ ಇಂಥದೇ ಕಾಟ: ವೇಗದ ಶಟರಿನಲ್ಲಿ ಅರ್ಧ ಅಕ್ಷರ ಮಾಯವಾಗುತ್ತದೆ, 1/50ರಲ್ಲಿ ಪೂರ್ತಿ ಬರುತ್ತದೆ.

ಗಿರಮಿಟ್ ಗಾಡಿ

ಗಾಡಿಯವರು ಚುರುಮುರಿ ಕಲಸುವುದನ್ನು ಎರಡು ರೀತಿ ತೆಗೆಯಬಹುದು, ಎರಡೂ ಒಳ್ಳೆಯವೇ. 1/15ರಲ್ಲಿ ಬೋಗುಣಿ, ಹೆಚ್ಚಿಟ್ಟ ಉಳ್ಳಾಗಡ್ಡಿ, ಪುಟಾಣಿ ಹಿಟ್ಟಿನ ಡಬ್ಬಿ ಎಲ್ಲ ನಿಂತು ಕೈ ಮಾತ್ರ ಸುತ್ತುತ್ತದೆ. ಕೈ ಬೋಗುಣಿಯ ಅಂಚು ಮುಟ್ಟಿ ದಿಕ್ಕು ಬದಲಿಸುವ ಗಳಿಗೆಯಲ್ಲಿ ಒತ್ತಿದರೆ ಬೆರಳುಗಳು ತುಸು ಗಟ್ಟಿಯಾಗಿ ಬಂದು ಮೊಣಕೈವರೆಗೆ ಮಸುಕು ಎಳೆಯುತ್ತದೆ.

ಇನ್ನೊಂದು ರೀತಿ, ಮೇಲಕ್ಕೆ ಹಾರಿದ ಚುರುಮುರಿಯನ್ನು ಗಾಳಿಯಲ್ಲೇ ನಿಲ್ಲಿಸುವುದು. 30 ಸೆಂ.ಮೀ. ಬಿದ್ದ ಕಾಳು ಸೆಕೆಂಡಿಗೆ ಸುಮಾರು 2.4 ಮೀಟರ್ ವೇಗದಲ್ಲಿರುತ್ತದೆ. 1/1000ದಲ್ಲೂ 2.4 ಮಿ.ಮೀ. ಸರಿದು ಬಾಲ ಬಿಡುತ್ತದೆ, 1/2000 ಬೇಕು. ಆದರೆ ಕಾಳು ಏರಿದ ತುತ್ತತುದಿಯಲ್ಲಿ ಒಂದು ಕ್ಷಣ ವೇಗವೇ ಇರುವುದಿಲ್ಲ. ಅಲ್ಲಿ ಹಿಡಿದರೆ 1/250ಕ್ಕೇ ನಿಲ್ಲುತ್ತದೆ. ಸಂಜೆಯ ಕಡಿಮೆ ಬೆಳಕಿನಲ್ಲಿ ಇದು ಮೂರು ಸ್ಟಾಪ್ ಉಳಿಸಿಕೊಟ್ಟಂತೆ. ಕೈಯ ಲಯವನ್ನು ನಾಲ್ಕೈದು ಸಲ ನೋಡಿ, ಏರುವ ಮೊದಲೇ ಬೆರಳು ಸಿದ್ಧ ಮಾಡಿಕೊಳ್ಳಿ. ಗುಂಡಿ ಜಿಗಿಯುವ ಹುಡುಗರಿಗೂ ಇದೇ ಸೂತ್ರ.

ಇಷ್ಟು ಹತ್ತಿರದಲ್ಲಿ ಆಟೋಫೋಕಸ್ ನಂಬಿ ಕೂರಬೇಡಿ. ಎರಡು ಮೂರು ಮೀಟರ್ ದೂರದ ಏನನ್ನಾದರೂ ಫೋಕಸ್ ಮಾಡಿ ಮ್ಯಾನುವಲ್‌ಗೆ ಹಾಕಿಬಿಡಿ. ಚಿಕ್ಕ ಸೆನ್ಸರಿನ ಕ್ಯಾಮೆರಾದ ಕಿಟ್ ಲೆನ್ಸ್ 18 ಎಂಎಂನಲ್ಲಿ, ಎಫ್ 8ಕ್ಕೆ, 2 ಮೀಟರಿಗೆ ಫೋಕಸ್ ಕಟ್ಟಿದರೆ ಒಂದು ಮೀಟರಿನಿಂದ ಆಚೆಗೆ ಎಲ್ಲವೂ ಸಾಕಷ್ಟು ಚೂಪು. ಫುಲ್ ಫ್ರೇಮಿನಲ್ಲಿ 28 ಎಂಎಂ ಆದರೆ 3.3 ಮೀಟರಿಗೆ ಕಟ್ಟಿ, 1.7 ಮೀಟರಿನಿಂದ ಸಿಗುತ್ತದೆ. ಝೂಮ್ ತಿರುಗಿಸಿದರೆ ಫೋಕಸ್ ಹೋಗುತ್ತದೆ, ಮರಳಿ ಕಟ್ಟಬೇಕು.

ಕೇಳಿ ತೆಗೆಯುವುದೋ, ತೆಗೆದು ಹೇಳುವುದೋ? ದೂರದ ಜನಸಂದಣಿಗೆ ಕೇಳುವ ಪ್ರಶ್ನೆ ಏಳುವುದಿಲ್ಲ. ಒಬ್ಬರ ಮುಖವೇ ಚಿತ್ರದ ಕಂಬವಾಗಿ ನಿಲ್ಲುವಾಗ ಕೇಳಲೇಬೇಕು: "ಅಣ್ಣಾರ, ನೀವು ಕಲಸೂದ ಒಂದ್ ಫೋಟೋ ತಗೀಲೇನ್ರಿ?" ಎಂದರೆ ಬೇಡ ಎನ್ನುವವರು ಕಡಿಮೆ. ಮೊದಲ ಒಂದು ನಿಮಿಷ ಕ್ಯಾಮೆರಾ ನೋಡಿ ನಗುತ್ತಾರೆ. ಗಿರಾಕಿ ಬಂದ ಮೇಲೆ ನಿಮ್ಮನ್ನು ಮರೆತು ಕೆಲಸಕ್ಕೆ ತೊಡಗುತ್ತಾರೆ, ಫೋಟೋ ಆಗ ತೆಗೆಯಬೇಕು. "ಬ್ಯಾಡ್ರಿ" ಎಂದರೆ ಕ್ಯಾಮೆರಾ ಇಳಿಸಿ. ಮಕ್ಕಳಾದರೆ ಜೊತೆಗಿದ್ದ ದೊಡ್ಡವರನ್ನು ಕೇಳದೆ ತೆಗೆಯಬೇಡಿ.

ಬಸ್ಸಿನ ಒಳಗಿಂದ, ಪ್ಲಾಟ್‌ಫಾರ್ಮಿನಿಂದ

ಚಿಗರಿಯೊಳಗೆ ಕುಳಿತರೆ ಬಸ್ಸೇ ನಿಂತದ್ದು, ಊರೇ ಓಡುವುದು. ಕಿಟಕಿಯ ಚೌಕಟ್ಟು, ಮುಂದಿನ ಸೀಟಿನವರ ಹೆರಳು ಇವನ್ನು ಒಳಗೆ ಸೇರಿಸಿ 1/15ರಲ್ಲಿ ತೆಗೆಯಿರಿ. ಹೊರಗಿನ ನವನಗರ, ರಾಯಾಪುರ ಗೆರೆಗಳಾಗುತ್ತವೆ. ಕ್ಯಾಮೆರಾವನ್ನು ಗಾಜಿಗೆ ಒತ್ತಿದರೆ ಎಂಜಿನ್ನಿನ ನಡುಕ ಕ್ಯಾಮೆರಾಗೂ ಬರುತ್ತದೆ. ಎರಡು ಬೆರಳಿನಷ್ಟು ದೂರ ಹಿಡಿದು, ಒಳಗಿನ ದೀಪದ ಪ್ರತಿಫಲನ ತಡೆಯಲು ಲೆನ್ಸಿನ ಸುತ್ತ ಕಪ್ಪು ಬಟ್ಟೆ ಹಿಡಿಯಿರಿ.

ಹುಬ್ಬಳ್ಳಿ ನಿಲ್ದಾಣದ 1507 ಮೀಟರಿನ ಪ್ಲಾಟ್‌ಫಾರ್ಮು 2023ರ ಮಾರ್ಚಿನಲ್ಲಿ ಉದ್ಘಾಟನೆಯಾದಾಗಿನಿಂದ ಜಗತ್ತಿನಲ್ಲೇ ಉದ್ದದ್ದೆಂದು ಹೆಸರಾಗಿದೆ. ಹೊರಡುವ ರೈಲು ಇನ್ನೂ 10 ಕಿ.ಮೀ. ವೇಗದಲ್ಲಿರುವಾಗ 1/8 ಸೆಕೆಂಡಿಗೆ 35 ಸೆಂ.ಮೀ. ಹರಿಯುತ್ತದೆ. ಬೆಂಚಿನ ಮೇಲೆ ಗಂಟುಮೂಟೆಯೊಂದಿಗೆ ಕುಳಿತವರು ನಿಲ್ಲುತ್ತಾರೆ. ವೇಗ ಏರಿದ ಮೇಲೆ ಬೋಗಿಗಳ ಗುರುತೇ ಸಿಗದು, ಮೊದಲ ಅರ್ಧ ನಿಮಿಷದಲ್ಲಿ ಮುಗಿಸಿ. ಹಳದಿ ಗೆರೆಯ ಹಿಂದೆಯೇ ಇರಿ, ಟ್ರೈಪಾಡ್ ಬಿಚ್ಚುವ ಮೊದಲು ಸ್ಟೇಷನ್ ಮಾಸ್ಟರ್ ಅನುಮತಿ ಕೇಳಿ.

ಓಡುವ ವಾಹನಗಳ ದೀಪದ ಗೆರೆಗಳು ಸುಲಭದ ಕೆಲಸ, ಹೆಚ್ಚು ಹೇಳಬೇಕಿಲ್ಲ: ಸೂರ್ಯ ಮುಳುಗಿ 20-30 ನಿಮಿಷಕ್ಕೆ ಎಫ್ 11, ಐಎಸ್ಒ 100, 10 ಸೆಕೆಂಡ್, ಗಟ್ಟಿ ಟ್ರೈಪಾಡ್, 2 ಸೆಕೆಂಡಿನ ಟೈಮರ್, ಸ್ಟೆಬಿಲೈಜರ್ ಆಫ್. ಸಿಗ್ನಲ್ ಹಸಿರಾದ ಕೂಡಲೇ ಶುರು ಮಾಡಿ. ಪೂರ್ತಿ ಕತ್ತಲಾದ ಮೇಲೆ ಆಕಾಶ ಕಪ್ಪಾಗಿ ಗೆರೆಗಳು ತೇಲಿದಂತೆ ಕಾಣುತ್ತವೆ. ಎಲ್ಇಡಿ ಟೇಲ್‌ಲೈಟುಗಳು ಚುಕ್ಕೆಚುಕ್ಕೆಯಾಗಿ ಬಂದರೆ ಅದು ದೀಪದ ಗುಣ, ಕ್ಯಾಮೆರಾದ ದೋಷವಲ್ಲ. ರಸ್ತೆಯ ನಡುವಿನ ದಿಬ್ಬ, ಬಿಆರ್‌ಟಿಎಸ್ ಲೇನ್ ಇವೆರಡರ ಮೇಲೆ ಯಾವ ಫೋಟೋಗೂ ನಿಲ್ಲಬೇಡಿ.

ಬರೀ ಮೊಬೈಲ್ ಇದ್ದರೆ

ಪ್ರೊ ಮೋಡಿಗೆ ಹೋಗಿ, ಐಎಸ್ಒ 50, ಶಟರ್ ಕೈಯಿಂದ. ಎಚ್‌ಡಿಆರ್ ಮತ್ತು ನೈಟ್ ಮೋಡ್ ಆಫ್. ಅವು ಹಲವು ಫ್ರೇಮ್ ಕೂಡಿಸುವಾಗ ಅಲುಗಿದ್ದನ್ನು ತಪ್ಪೆಂದು ಬಗೆದು ಅಳಿಸುತ್ತವೆ, ನಡೆಯುವವರ ಕಾಲು ತುಂಡಾಗಿ ಬರುವುದು ಇದರಿಂದ. ಹೆಚ್ಚಿನ ಮೊಬೈಲುಗಳ ಅಪರ್ಚರ್ ಮುಚ್ಚಲು ಬರುವುದಿಲ್ಲ. ಎಫ್ 1.8ರ ಲೆನ್ಸಿಗೆ ನಡು ಮಧ್ಯಾಹ್ನ 1/4000 ಬೇಕಾಗುತ್ತದೆ, 1/30ಕ್ಕೆ ಇಳಿಯಬೇಕಾದರೆ ಎನ್‌ಡಿ 128ರಷ್ಟು ಗಾಢ ಫಿಲ್ಟರನ್ನು ಕ್ಲಿಪ್ ಹಾಕಿ ಕೂರಿಸಬೇಕು. ಅದಕ್ಕಿಂತ ಸಂಜೆಗೆ ಕಾಯುವುದು ಲೇಸು: ದುರ್ಗದ ಬೈಲಿನ ದೀಪ ಹತ್ತುವ ಹೊತ್ತಿಗೆ ಅದೇ ಮೊಬೈಲಿಗೆ 1/20 ತಾನಾಗಿ ಸಿಗುತ್ತದೆ, ಪ್ಯಾನಿಂಗಿಗೆ ಅದು ಸರಿಯಾದ ವೇಗ. ಐಫೋನಿನಲ್ಲಿ ಲೈವ್ ಫೋಟೋ ತೆಗೆದು ಆಮೇಲೆ ಲಾಂಗ್ ಎಕ್ಸ್‌ಪೋಷರ್ ಆರಿಸಿದರೆ ಸುಮಾರು 3 ಸೆಕೆಂಡಿನ ಹರಿವು ಸಿಗುತ್ತದೆ, ಕೈ ಮಾತ್ರ ಗೋಡೆಗೆ ಆನಿಸಿರಬೇಕು.

ರಂಗಪಂಚಮಿ ದಿನ

ಹೋಳಿ ಹುಣ್ಣಿಮೆ ಕಳೆದು ಐದನೆಯ ದಿನ ಹುಬ್ಬಳ್ಳಿಯಲ್ಲಿ ಬಣ್ಣ. ಎರಚಿದ ಪುಡಿಗೆ 1/1000, ಎಫ್ 5.6; ಸೂರ್ಯ ಪುಡಿಯ ಹಿಂದಿರುವಂತೆ ನಿಂತರೆ ಮೋಡವೇ ಹೊಳೆಯುತ್ತದೆ. ಹಿನ್ನೆಲೆ ನೆರಳಿನ ಗೋಡೆಯಾಗಿರಲಿ, ಬಿಳಿ ಆಕಾಶವಾದರೆ ಬಣ್ಣ ಮುಳುಗಿಹೋಗುತ್ತದೆ. ಜಗ್ಗಲಿಗೆ ಬಾರಿಸುವವರಿಗೆ ಮಾತ್ರ 1/30 ಇಡಿ: ವಾದ್ಯದ ದೊಡ್ಡ ವೃತ್ತ ನಿಂತು, ಏಳುವ ಬೀಳುವ ಕೋಲುಗಳು ಬೀಸಣಿಗೆಯಂತೆ ಹರಡುತ್ತವೆ.

ಕ್ಯಾಮೆರಾಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಹಾಕಿ, ಲೆನ್ಸಿನ ಮುಂದೆ ಹಳೆಯ ಯುವಿ ಫಿಲ್ಟರ್ ತಿರುವಿ, ಚೀಲದ ಬಾಯನ್ನು ಫಿಲ್ಟರಿನ ಸುತ್ತ ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಮನೆಯಿಂದ ಹೊರಟ ಮೇಲೆ ಲೆನ್ಸ್ ಬದಲಿಸಬೇಡಿ. ಝೂಮ್ ಲೆನ್ಸು ಹಿಗ್ಗಿ ಕುಗ್ಗುವಾಗ ಪುಡಿಯನ್ನು ಒಳಗೆಳೆಯುತ್ತದೆ, ಸಾಧ್ಯವಾದರೆ ಝೂಮ್ ಇಲ್ಲದ ಪ್ರೈಮ್ ಲೆನ್ಸನ್ನೇ ಒಯ್ಯಿರಿ. ಮರಳಿ ಬಂದಾಗ ಮೊದಲು ಚೀಲದ ಹೊರಮೈಯನ್ನು ಒರೆಸಿ ಆಮೇಲೆ ಬಿಚ್ಚಿ. ಉಳಿದ ಪುಡಿಯನ್ನು ಕ್ಯಾಮೆರಾ ಕೆಳಮುಖ ಹಿಡಿದು ಬ್ಲೋವರಿನಿಂದ ಊದಿ, ಸಂದುಗಳಿಗೆ ಒಣ ಬ್ರಷ್ ಬಳಸಿ. ಒದ್ದೆ ಬಟ್ಟೆ ಮುಟ್ಟಿಸಬೇಡಿ: ನೀರು ತಾಗಿದ ಬಣ್ಣ ಕರಗಿ ರಬ್ಬರಿನ ಹಿಡಿಕೆಗೂ ಬಟನ್‌ಗಳ ಸಂದಿಗೂ ಇಳಿದು ಅಲ್ಲೇ ಗಟ್ಟಿಯಾಗುತ್ತದೆ.